ಅರ್ಲಿ ಹೆಲ್ಪ್ ಫಾರ್ಮಿಗೆ ಸಹಿ ಹಾಕಬಹುದಾ? "ಬಜೆಟ್ ಇಲ್ಲ" ಅಂತ ಕೌನ್ಸಿಲ್ ಹೇಳಿದ್ರೆ ಏನ್ಮಾಡೋದು?

ಪ್ರಶ್ನೆ: ನಾವು ಹಾಸನದ ಕಡೆಯವರು, ಇಂಗ್ಲೆಂಡಿಗೆ ಬಂದು ಮೂರು ವರ್ಷ ಆಯ್ತು, ಯಜಮಾನ್ರು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇದ್ದಾರೆ. ದೊಡ್ಡ ಮಗನಿಗೆ ನಾಲ್ಕು ವರ್ಷ, ನರ್ಸರಿಗೆ ಹೋಗ್ತಾನೆ. ಮಾತು ತುಂಬಾ ಕಮ್ಮಿ, ಸಿಟ್ಟು ಬಂದ್ರೆ ಗೋಡೆಗೆ ತಲೆ ಚಚ್ಕೋತಾನೆ, ರಾತ್ರಿ ಸರಿಯಾಗಿ ಮಲಗಲ್ಲ. ಚಿಕ್ಕವಳು ಹುಟ್ಟಿದ ಮೇಲೆ ನನಗೂ ಸುಮ್ಮಸುಮ್ನೆ ಅಳು ಬರತ್ತೆ. ನರ್ಸರಿಯ ಸೆಂಕೊ (ವಿಶೇಷ ಅಗತ್ಯ ಇರೋ ಮಕ್ಕಳನ್ನ ನೋಡ್ಕೊಳ್ಳೋ) ಟೀಚರ್ "ಅರ್ಲಿ ಹೆಲ್ಪ್ ರೆಫರಲ್ ಮಾಡೋಣ, ಇಲ್ಲಿ ಸಹಿ ಹಾಕಿ" ಅಂತ ಫಾರ್ಮ್ ಕೊಟ್ರು. ಯಜಮಾನ್ರು ಬೇಡವೇ ಬೇಡ ಅಂತಾರೆ, ಸೋಶಿಯಲ್ ಸರ್ವಿಸಸ್‌ನವರು ಮಗೂನ ಕರ್ಕೊಂಡ್ ಹೋಗ್ತಾರೆ, ವೀಸಾಗೂ ತೊಂದ್ರೆ ಅಂತ. ನಾನೇ ಧೈರ್ಯ ಮಾಡಿ ಕೌನ್ಸಿಲ್‌ಗೆ ಫೋನ್ ಮಾಡಿದ್ರೆ "ಪೇರೆಂಟಿಂಗ್ ಗ್ರೂಪಿಗೆ ಈ ವರ್ಷ ಬಜೆಟ್ ಇಲ್ಲ, ಹತ್ತಿರದ ಚಿಲ್ಡ್ರನ್ಸ್ ಸೆಂಟರ್ ಮುಚ್ಚಿದೆ, ನೀವು ಥ್ರೆಶೋಲ್ಡ್‌ಗೆ ಬರಲ್ಲ" ಅಂದ್ರು, ಅಂದ್ರೆ ಸಹಾಯ ಕೊಡೋಷ್ಟು ತೊಂದರೆ ನಮಗಿಲ್ಲ ಅಂತ. ಇದು ಕೌನ್ಸಿಲ್‌ನ ಕರ್ತವ್ಯನಾ, ಇಲ್ಲಾ ಅವರ ಮನಸ್ಸಿಗೆ ಬಿಟ್ಟಿದ್ದಾ? ನಾವು ಏನು ಮಾಡ್ಬೇಕು?

ಉತ್ತರ: ಸಹಿ ಹಾಕಿ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮಿಕ್ಕಿದ್ದು ಸ್ವಲ್ಪ ಉದ್ದ ಆಗತ್ತೆ, ನಿಮಗೆ ಒಂದು ಕೈಯಲ್ಲಿ ಕೂಸು ಇಟ್ಕೊಂಡು ಪೂರ್ತಿ ಓದೋಕೆ ಆಗದೇ ಇರಬಹುದು. ನಾನು ಇಲ್ಲೇ ಒಂದು ಕೌಂಟಿ ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಅರ್ಲಿ ಹೆಲ್ಪ್ ಟೀಮಲ್ಲಿ, ಅಂದ್ರೆ ಸಮಸ್ಯೆ ಚಿಕ್ಕದಿದ್ದಾಗ್ಲೇ ಕುಟುಂಬಕ್ಕೆ ಸಹಾಯ ಮಾಡೋ ಟೀಮಲ್ಲಿ, ಕೆಲಸ ಮಾಡಿದವಳು. ನಮ್ಮ ಕಡೆ ಕುಟುಂಬಗಳು ಹೆದರ್ಕೊಂಡು ಈ ಫಾರ್ಮನ್ನ ಡ್ರಾಯರಲ್ಲಿ ಇಟ್ಟುಬಿಡೋದು, ಆಮೇಲೆ ಎರಡು ವರ್ಷ ಬಿಟ್ಟು ಸ್ಕೂಲಿಂದ ಮಗೂನ ಆಚೆ ಹಾಕೋ ಮಾತು ಬಂದಾಗ ಓಡಿ ಬರೋದು, ಇದನ್ನ ನೋಡಿ ನೋಡಿ ಹೊಟ್ಟೆ ಉರಿದುಹೋಗಿದೆ.

ಯಜಮಾನ್ರ ಭಯ ಎಲ್ಲಿಂದ ಬಂತು ಅಂತ ನಂಗೆ ಗೊತ್ತು. 2011ರಲ್ಲಿ ನಾರ್ವೆಯಲ್ಲಿ ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನ ಅಲ್ಲಿನ ಮಕ್ಕಳ ರಕ್ಷಣಾ ಇಲಾಖೆ ತಗೊಂಡು ಹೋಯ್ತಲ್ಲ, ಆವತ್ತಿಂದ ವಿದೇಶದಲ್ಲಿರೋ ನಮ್ಮವರ ಮನೆಮನೇಲೂ ಆ ಕಥೆ ಕೂತ್ಬಿಟ್ಟಿದೆ. ಆದ್ರೆ ಅದು ನಾರ್ವೆ ಕಾನೂನು. ಇಂಗ್ಲೆಂಡಲ್ಲಿ ತಂದೆತಾಯಿ ಒಪ್ಪಿಗೆ ಇಲ್ಲದೆ ಮಗೂನ ಮನೆಯಿಂದ ತೆಗಿಯೋಕೆ ಕೋರ್ಟ್ ಆರ್ಡರ್ ಬೇಕು, ಪೊಲೀಸರು ತೀರಾ ತುರ್ತಲ್ಲಿ ತಗೊಂಡ್ರೂ ಅವರ ಅಧಿಕಾರ 72 ಗಂಟೆಗೆ ಮುಗಿಯತ್ತೆ. ಅರ್ಲಿ ಹೆಲ್ಪ್ ವರ್ಕರ್‌ಗೆ ಆ ತರದ ಅಧಿಕಾರ ಯಾವುದೂ ಇಲ್ಲ, ಬಹಳಷ್ಟು ಸಲ ಅವರು ಸೋಶಿಯಲ್ ವರ್ಕರೇ ಆಗಿರಲ್ಲ. ನಿಮ್ಮ ಒಪ್ಪಿಗೆ ಮೇಲೇ ಇಡೀ ಕೆಲಸ ನಡೆಯೋದು, ಅದಕ್ಕೇ ಆ ಸಹಿ ಕೇಳ್ತಿರೋದು, ನಾಳೆ ಬೇಡ ಅನ್ಸಿದ್ರೆ ಒಪ್ಪಿಗೆ ವಾಪಸ್ ತಗೋಬಹುದು.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳ್ಬೇಕು. ಮಗುಗೆ ಗಂಭೀರ ಹಾನಿ ಆಗ್ತಿದೆ ಅಂತ ಅನುಮಾನ ಬಂದ್ರೆ ನಿಮ್ಮ ಒಪ್ಪಿಗೆ ಇಲ್ದೇನೂ ಅವರು ಮೇಲಕ್ಕೆ ತಿಳಿಸ್ತಾರೆ, ಅದು ನರ್ಸರಿ ಟೀಚರ್‌ಗೂ ಡಾಕ್ಟರ್‌ಗೂ ಇರೋ ಜವಾಬ್ದಾರಿನೇ. ಅಂದ್ರೆ ಮನೇಲಿ ಹುಡುಗನಿಗೆ ಹೊಡೆಯೋ ಅಭ್ಯಾಸ ಇದ್ರೆ ಇವತ್ತೇ ನಿಲ್ಸಿ. ಸ್ಕಾಟ್ಲೆಂಡಲ್ಲಿ 2020ರಿಂದ, ವೇಲ್ಸಲ್ಲಿ 2022ರಿಂದ ಮಕ್ಕಳಿಗೆ ಹೊಡೆಯೋದು ಪೂರ್ತಿ ನಿಷೇಧ. ಇಂಗ್ಲೆಂಡಲ್ಲಿ ಕಾನೂನು ಇನ್ನೂ ಸ್ವಲ್ಪ ಸಡಿಲ ಇದ್ರೂ ಮೈಮೇಲೆ ಒಂದು ಗುರುತು ಕಂಡ್ರೆ ಕೇಸ್ ಬೇರೆ ದಾರಿ ಹಿಡಿಯತ್ತೆ. ಹುಡುಗ ತಲೆ ಚಚ್ಕೋತಾನೆ ಅಂದ್ರಲ್ಲ, ಅದರಿಂದ ಹಣೆ ಊದಿದ ದಿನ ನರ್ಸರಿಗೆ ಬಿಡುವಾಗ್ಲೇ ಬಾಯಿಬಿಟ್ಟು ಹೇಳಿ, ಬರೆಸಿ ಬನ್ನಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರ್ತೀನಿ, ಇದು ಅವರ ಕರ್ತವ್ಯನಾ ಅಂತ.

ಇಂಗ್ಲೆಂಡಿನ ಮಕ್ಕಳ ಕಾನೂನಿನ ಬೆನ್ನೆಲುಬು 1989ರ ಚಿಲ್ಡ್ರನ್ ಆಕ್ಟ್. ಅದರಲ್ಲಿ ನಿಮಗೆ ಎರಡು ನಂಬರ್ ಗೊತ್ತಿದ್ರೆ ಸಾಕು. ಸೆಕ್ಷನ್ 47 ಅಂದ್ರೆ ಮಗುಗೆ ಗಂಭೀರ ಹಾನಿ ಆಗ್ತಿದೆ ಅಂತ ಅನುಮಾನ ಬಂದಾಗ ಕೌನ್ಸಿಲ್ ತನಿಖೆ ಮಾಡ್ಲೇಬೇಕು, ಅದು ನಿಮಗೆ ಸಂಬಂಧ ಇಲ್ಲ. ಸೆಕ್ಷನ್ 17 ಅಂದ್ರೆ "ಚೈಲ್ಡ್ ಇನ್ ನೀಡ್", ಸಹಾಯ ಸಿಗದಿದ್ರೆ ಆರೋಗ್ಯ ಅಥವಾ ಬೆಳವಣಿಗೆ ಹಿಂದೆ ಬೀಳೋ ಮಕ್ಕಳು, ಜೊತೆಗೆ ಅಂಗವೈಕಲ್ಯ ಇರೋ ಎಲ್ಲಾ ಮಕ್ಕಳು. ಇವರ ಹಿತ ಕಾಯೋದು, ಇವರಿಗೆ ಬೇಕಾದ ಸೇವೆಗಳನ್ನ ಒದಗಿಸೋದು ಕೌನ್ಸಿಲ್ ಕರ್ತವ್ಯ ಅಂತ ಅಲ್ಲಿ ಬರೆದಿದೆ. ಅರ್ಲಿ ಹೆಲ್ಪ್ ಅನ್ನೋದು ಈ ಸೆಕ್ಷನ್ 17ಕ್ಕಿಂತಲೂ ಒಂದು ಮೆಟ್ಟಿಲು ಕೆಳಗೆ ಬರತ್ತೆ, ಸಮಸ್ಯೆ ಚಿಕ್ಕದಿದ್ದಾಗ್ಲೇ ಕೈ ಹಿಡಿಯೋ ಸಹಾಯ. ಆದ್ರೆ ಆ ಮೆಟ್ಟಿಲಿಗೆ ಇದೇ ತರ ಗಟ್ಟಿಯಾದ ಒಂದು ಸೆಕ್ಷನ್ ಇಲ್ಲ. "ವರ್ಕಿಂಗ್ ಟುಗೆದರ್" ಅನ್ನೋ ಸರ್ಕಾರಿ ಮಾರ್ಗಸೂಚಿ ಇದೆ, 2023ರ ಡಿಸೆಂಬರಲ್ಲಿ ಹೊಸದಾಗಿ ಬಂತು, ಅದರಲ್ಲಿ ಅರ್ಲಿ ಹೆಲ್ಪ್ ಬಗ್ಗೆ ಪುಟಗಟ್ಟಲೆ ಇದೆ, ಕೌನ್ಸಿಲ್, ಪೊಲೀಸ್, ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಸೇರಿ ಯಾವ ಮಟ್ಟದ ತೊಂದರೆಗೆ ಯಾವ ಸಹಾಯ ಅಂತ ಥ್ರೆಶೋಲ್ಡ್ ಡಾಕ್ಯುಮೆಂಟ್ ಪ್ರಕಟ ಮಾಡ್ಬೇಕು ಅಂತಲೂ ಇದೆ. 2004ರ ಚಿಲ್ಡ್ರನ್ ಆಕ್ಟ್‌ನ ಸೆಕ್ಷನ್ 10 ಪ್ರಕಾರ ಇವರೆಲ್ಲ ಒಬ್ಬರಿಗೊಬ್ಬರು ಸಹಕರಿಸ್ಬೇಕು. ಆದ್ರೆ "ಈ ಮಗುಗೆ ಈ ಅರ್ಲಿ ಹೆಲ್ಪ್ ಕೊಡ್ಲೇಬೇಕು" ಅಂತ ಯಾವ ಕಾನೂನೂ ಹೇಳಲ್ಲ.

ಯಾರೂ ಯೋಚ್ನೆನೇ ಮಾಡಿರ್ಲಿಲ್ಲ ಅಂತಲ್ಲ. ಪ್ರೊಫೆಸರ್ ಐಲೀನ್ ಮನ್ರೋ ಅವರು 2011ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ನೇರವಾಗಿ ಬರೆದ್ರು, ಸಾಕಷ್ಟು ಅರ್ಲಿ ಹೆಲ್ಪ್ ಸೇವೆ ಇರೋ ಹಾಗೆ ನೋಡ್ಕೊಳ್ಳೋದನ್ನ ಕೌನ್ಸಿಲ್‌ಗಳ ಮತ್ತು ಅವರ ಜೊತೆಗಾರ ಇಲಾಖೆಗಳ ಕಾನೂನುಬದ್ಧ ಕರ್ತವ್ಯ ಮಾಡಿ ಅಂತ. ಈಗಿರೋ ಕಾನೂನೇ ಸಾಕು ಅಂತ ಸರ್ಕಾರ ಅದನ್ನ ಪಕ್ಕಕ್ಕಿಟ್ಟುಬಿಡ್ತು. ನಿಮಗೆ ಮೊನ್ನೆ ಫೋನಲ್ಲಿ ಸಿಕ್ಕ ಉತ್ತರದ ಬೇರು ಅಲ್ಲಿದೆ ಅಂತ ನಾನು ನಂಬಿದ್ದೀನಿ. ಫೋನ್ ತೆಗೆದ ಆ ಹುಡುಗಿಗೆ ಬೈಬೇಡಿ, ಅವಳ ಮುಂದೆ ಇರೋ ಪಟ್ಟಿಯಲ್ಲಿ ಬಹುಶಃ ನಿಜವಾಗ್ಲೂ ಕೊಡೋಕೆ ಏನೂ ಇರಲ್ಲ.

ಸೆಕ್ಷನ್ 17 ಕೂಡ ಅಂದ್ಕೊಂಡಷ್ಟು ಗಟ್ಟಿ ಅಲ್ಲ ಅನ್ನೋದನ್ನೂ ಹೇಳ್ಬೇಕು, ಇಲ್ಲಾಂದ್ರೆ ಯಾರೋ ಅರ್ಧ ಓದಿದವರು ನಿಮಗೆ "ಕೋರ್ಟಿಗೆ ಹೋಗಿ, ಗೆಲ್ತೀರ" ಅಂತ ಹೇಳ್ತಾರೆ. 2003ರಲ್ಲಿ ಲಂಡನ್ನಿನ ಬಾರ್ನೆಟ್ ಕೌನ್ಸಿಲ್ ವಿರುದ್ಧದ ಕೇಸಲ್ಲಿ ಆಗ ದೇಶದ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು, ಸೆಕ್ಷನ್ 17ರದ್ದು ತನ್ನ ಏರಿಯಾದ ಮಕ್ಕಳಿಗೆಲ್ಲ ಸೇರಿ ಕೌನ್ಸಿಲ್ ಹೊತ್ತಿರೋ ಸಾಮಾನ್ಯ ಕರ್ತವ್ಯ, ಒಂದೊಂದು ಮಗುಗೂ ಇಂಥದ್ದೇ ಸೇವೆ ಕೊಡಿ ಅಂತ ಅದರಡಿ ಹಕ್ಕಿನಿಂದ ಕೇಳೋಕಾಗಲ್ಲ ಅಂತ. ಆದ್ರೆ ಮಗುವಿನ ಅಗತ್ಯ ಏನು ಅಂತ ಅಸೆಸ್‌ಮೆಂಟ್ ಮಾಡೋದ್ರಿಂದ ಕೌನ್ಸಿಲ್ ಸುಲಭವಾಗಿ ನುಣುಚಿಕೊಳ್ಳೋಕಾಗಲ್ಲ. ಆ ಅಸೆಸ್‌ಮೆಂಟೇ ನಿಮ್ಮ ಹಿಡಿಕೆ, ಅದಕ್ಕೆ ಆಮೇಲೆ ಬರ್ತೀನಿ.

ಚಿಲ್ಡ್ರನ್ಸ್ ಸೆಂಟರ್ ಮುಚ್ಚಿದ್ದು ಬೇರೆ ಲೆಕ್ಕ. 2006ರ ಚೈಲ್ಡ್‌ಕೇರ್ ಆಕ್ಟ್ ಪ್ರಕಾರ ಊರಿನ ಅಗತ್ಯಕ್ಕೆ ಬೇಕಾದಷ್ಟು ಸೆಂಟರ್ ಇರ್ಬೇಕು, ಮುಚ್ಚೋ ಮುಂಚೆ ಜನರ ಅಭಿಪ್ರಾಯ ಕೇಳ್ಬೇಕು. ಆದ್ರೆ ಅದರಲ್ಲೇ "ಸಾಧ್ಯವಾದಷ್ಟು ಮಟ್ಟಿಗೆ" ಅಂತ ಒಂದು ಮಾತು ಸೇರ್ಸಿದ್ದಾರೆ, ಅಷ್ಟು ಜಾಗದಲ್ಲಿ ನೂರಾರು ಸೆಂಟರ್ ಹೋಗ್ಬಿಟ್ವು. ಈ ಸೆಂಟರ್‌ಗಳು ಶುರುವಾಗಿದ್ದು ಶೂರ್ ಸ್ಟಾರ್ಟ್ ಅನ್ನೋ ಯೋಜನೆಯಲ್ಲಿ, 1999ರಲ್ಲಿ, ಮೊದಲು ಬಡ ಏರಿಯಾಗಳಲ್ಲಿ. 2010ರ ಹೊತ್ತಿಗೆ 3,500ಕ್ಕಿಂತ ಹೆಚ್ಚು ಸೆಂಟರ್ ಇದ್ವು, ತುತ್ತತುದಿಯಲ್ಲಿದ್ದಾಗ ಇವತ್ತಿನ ಬೆಲೆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 250 ಕೋಟಿ ಪೌಂಡ್ ಖರ್ಚು ಮಾಡ್ತಿದ್ರು. ಹೆಲ್ತ್ ವಿಸಿಟರ್ (ಪುಟ್ಟ ಮಕ್ಕಳ ಆರೋಗ್ಯ ನೋಡೋ ನರ್ಸ್), ಸ್ಪೀಚ್ ಥೆರಪಿ, ಆಟ, ಅಮ್ಮಂದಿರ ಗುಂಪು, ಕೆಲಸ ಹುಡುಕೋ ಸಹಾಯ ಎಲ್ಲಾ ಒಂದೇ ಬಾಗಿಲಲ್ಲಿ. 2011ರಲ್ಲಿ ಆ ದುಡ್ಡಿನ ಸುತ್ತ ಇದ್ದ ಬೇಲಿ ತೆಗೆದ್ರು, ಅಂದ್ರೆ ಇದನ್ನ ಇದಕ್ಕೇ ಖರ್ಚು ಮಾಡ್ಬೇಕು ಅನ್ನೋ ಕಟ್ಟುಪಾಡು ಹೋಯ್ತು, ಅದೇ ಟೈಮಲ್ಲಿ ಕೌನ್ಸಿಲ್‌ಗಳಿಗೆ ಕೇಂದ್ರದಿಂದ ಬರೋ ಗ್ರಾಂಟೂ ಕಡಿತ ಆಯ್ತು, ಬೇಲಿ ಇಲ್ಲದ ದುಡ್ಡು ಎಲ್ಲಿ ಹೋಗ್ಬೇಕೋ ಅಲ್ಲಿಗೆ ಹೋಯ್ತು.

ಆಮೇಲೆ ಆ ಸೆಂಟರ್‌ಗಳಿಂದ ಉಪಯೋಗ ಆಗಿತ್ತಾ ಅಂತ ಲೆಕ್ಕ ಹಾಕಿದವರು ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಅನ್ನೋ ಸಂಶೋಧನಾ ಸಂಸ್ಥೆಯವರು. 2024ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ ಸೆಂಟರ್ ಹತ್ತಿರ ಬೆಳೆದ ಮಕ್ಕಳು ಹದಿನಾರನೇ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಯಲ್ಲೂ ಚೆನ್ನಾಗಿ ಮಾಡಿದ್ರು, ಬಡ ಮನೆ ಮಕ್ಕಳಲ್ಲಿ, ಅಂದ್ರೆ ಸ್ಕೂಲಲ್ಲಿ ಫ್ರೀ ಊಟ ಸಿಗೋ ಮಕ್ಕಳಲ್ಲಿ, ಆ ಲಾಭ ಒಟ್ಟು ಮೂರು ಗ್ರೇಡಿನಷ್ಟಿತ್ತು. ಅದಕ್ಕೂ ಮುಂಚಿನ ಅವರದೇ ಅಧ್ಯಯನದಲ್ಲಿ, ಆ ಮಕ್ಕಳು ದೊಡ್ಡವರಾದ ಮೇಲೆ ಆಸ್ಪತ್ರೆ ಸೇರೋದೂ ಕಮ್ಮಿ ಆಗಿತ್ತು. ಈ ಉತ್ತರ ಸಿಗೋ ಹೊತ್ತಿಗೆ ಕಟ್ಟಡಗಳೇ ಕೈಬಿಟ್ಟುಹೋಗಿದ್ವು. ಐದು ವರ್ಷದ ಒಳಗಿನ ಮಗುಗೆ ಹಾಕಿದ ದುಡ್ಡಿನ ಫಲ ಹತ್ತು ಹನ್ನೊಂದು ವರ್ಷ ಬಿಟ್ಟು ಕಾಣತ್ತೆ, ಕೌನ್ಸಿಲ್ ಬಜೆಟ್ ಪಾಸ್ ಆಗೋದು ಪ್ರತಿ ಫೆಬ್ರವರಿ-ಮಾರ್ಚಲ್ಲಿ ಒಂದು ವರ್ಷಕ್ಕೆ, ಇವೆರಡರ ಮಧ್ಯೆ ನಿಮ್ಮ ಮಗನಂಥ ಮಕ್ಕಳು ಸಿಕ್ಕಿಹಾಕ್ಕೊಂಡಿದ್ದಾರೆ.

ದುಡ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ "ನಾವು ಅಷ್ಟು ಕೌನ್ಸಿಲ್ ಟ್ಯಾಕ್ಸ್ ಕಟ್ತೀವಲ್ಲ" ಅನ್ನೋದು ಎಲ್ಲರ ಬಾಯಲ್ಲೂ ಬರೋ ಮಾತು. ಕೌನ್ಸಿಲ್‌ಗೆ ದುಡ್ಡು ಬರೋದು ಕೌನ್ಸಿಲ್ ಟ್ಯಾಕ್ಸಿಂದ, ಅಂಗಡಿ ಕಾರ್ಖಾನೆಗಳ ಬಿಸಿನೆಸ್ ರೇಟ್ಸಿಂದ, ಮತ್ತೆ ಕೇಂದ್ರ ಸರ್ಕಾರದ ಗ್ರಾಂಟಿಂದ. ಟ್ಯಾಕ್ಸ್ ಮನಸ್ಸಿಗೆ ಬಂದಷ್ಟು ಏರಿಸೋ ಹಾಗಿಲ್ಲ, ಸೋಶಿಯಲ್ ಕೇರ್ ನೋಡ್ಕೊಳ್ಳೋ ಕೌನ್ಸಿಲ್‌ಗಳಿಗೆ ಈಚಿನ ವರ್ಷಗಳಲ್ಲಿ ಮಿತಿ ಹತ್ತಿರಹತ್ತಿರ 5 ಪರ್ಸೆಂಟ್, ಅದರಲ್ಲಿ 2 ಪರ್ಸೆಂಟ್ ಹಿರಿಯರ ಮತ್ತು ವಯಸ್ಕರ ಆರೈಕೆಗೇ ಮೀಸಲು, ಅದಕ್ಕಿಂತ ಮೇಲೆ ಹೋಗ್ಬೇಕಾದ್ರೆ ಊರವರ ವೋಟ್ ಕೇಳ್ಬೇಕು. ಮಕ್ಕಳ ಸೇವೆಗೆ ಅಂತ ಆ ತರ ಮೀಸಲು ತೆರಿಗೆ ಇಲ್ಲವೇ ಇಲ್ಲ. ಸ್ಕೂಲಿಗೆ ಬರೋ ದೊಡ್ಡ ಗ್ರಾಂಟ್ ಒಂದಿದೆ, ಅದು ಬೇಲಿ ಹಾಕಿದ ದುಡ್ಡು, ಅದನ್ನ ತೆಗೆದು ಪೇರೆಂಟಿಂಗ್ ಗ್ರೂಪ್ ನಡೆಸೋಕಾಗಲ್ಲ. ಇನ್ನು ಗ್ರಾಂಟ್ ಮೇಲೇ ಹೆಚ್ಚು ನಿಂತಿದ್ದ ಬಡ ಊರುಗಳ ಕೌನ್ಸಿಲ್‌ಗಳಿಗೆ 2010ರ ನಂತರದ ಕಡಿತದಲ್ಲಿ ಎಲ್ಲರಿಗಿಂತ ಜಾಸ್ತಿ ಏಟು ಬಿತ್ತು, ಸಹಾಯ ಜಾಸ್ತಿ ಬೇಕಾಗಿದ್ದೂ ಅಲ್ಲೇ.

ಖರ್ಚಿನ ಕಡೆ ನೋಡಿ. 2010ರಲ್ಲಿ ಇಂಗ್ಲೆಂಡಲ್ಲಿ ಕೌನ್ಸಿಲ್ ಆರೈಕೆಯಲ್ಲಿದ್ದ ಮಕ್ಕಳು ಸುಮಾರು 64,000. 2024ರ ಮಾರ್ಚಲ್ಲಿ 83,000 ದಾಟಿತ್ತು. ಅವರಲ್ಲಿ ಒಂದು ಮಗುನ ರೆಸಿಡೆನ್ಶಿಯಲ್ ಹೋಮಲ್ಲಿ ಒಂದು ವರ್ಷ ಇಡೋಕೆ ಸರಾಸರಿ 3 ಲಕ್ಷ ಪೌಂಡಿಗೂ ಮೇಲೆ ಬೀಳತ್ತೆ. ಆ ಮಗೂನ ನೋಡ್ಕೊಳ್ಳೋದು ಕಾನೂನು, ಬೇಡ ಅನ್ನೋಕಾಗಲ್ಲ, ಅದಕ್ಕೆ ದುಡ್ಡು ಮೊದಲು ಹೋಗತ್ತೆ. ಉಳಿದಿದ್ದರಲ್ಲಿ ಯಾವುದು ಕಾನೂನಿನ ಕಡ್ಡಾಯ ಅಲ್ವೋ ಅದನ್ನ ಕತ್ತರಿಸ್ತಾರೆ, ಅದೇ ಅರ್ಲಿ ಹೆಲ್ಪ್. 2010ರಿಂದ ಈಚೆಗೆ ಹತ್ತು ಹನ್ನೆರಡು ವರ್ಷದಲ್ಲಿ ಮುಂಚಿತ ಸಹಾಯದ ಖರ್ಚು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ, ಕೊನೇ ಹಂತದ ಖರ್ಚು ಮಾತ್ರ ಏರ್ತಾನೇ ಹೋಗಿದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋಕೆ ದುಡ್ಡಿಲ್ಲ ಅಂದವರು ತೊಲೆ ಕೊಳೆತ ಮೇಲೆ ಸಾಲ ಮಾಡಿ ಮಾಡು ಕಟ್ಟಿಸಿದ ಹಾಗೆ ಇದು. ದುಡ್ಡು ಪೂರ್ತಿ ಮುಗಿದ್ರೆ ಸೆಕ್ಷನ್ 114 ನೋಟಿಸ್ ಅಂತ ಹೊರಡಿಸ್ತಾರೆ, ನಾರ್ತಾಂಪ್ಟನ್‌ಶೈರ್ 2018ರಲ್ಲಿ, ನಮ್ಮವರು ತುಂಬಾ ಇರೋ ಸ್ಲೌ 2021ರಲ್ಲಿ, ಬರ್ಮಿಂಗ್‌ಹ್ಯಾಮ್ ಮತ್ತು ನಾಟಿಂಗ್‌ಹ್ಯಾಮ್ 2023ರಲ್ಲಿ ಹೊರಡಿಸಿದ್ವು. ಆ ನೋಟಿಸ್ ಬಂದ ಮೇಲೆ ಕಾನೂನು ಕಡ್ಡಾಯ ಮಾಡದ ಹೊಸ ಖರ್ಚೆಲ್ಲ ಬಂದ್.

ಪರಿಸ್ಥಿತಿ ಸ್ವಲ್ಪ ತಿರುಗ್ತಾ ಇದೆ ಅನ್ನೋದನ್ನೂ ಹೇಳ್ಬೇಕು. 2022ರ ಮೇ ತಿಂಗಳಲ್ಲಿ, ಮಕ್ಕಳ ಸೇವೆಗಳ ಬಗ್ಗೆ ಸರ್ಕಾರ ಮಾಡಿಸಿದ ಜಾಶ್ ಮ್ಯಾಕ್‌ಅಲಿಸ್ಟರ್ ವರದಿ ಬಂತು, 260 ಕೋಟಿ ಪೌಂಡ್ ಹಾಕಿ, ಅರ್ಲಿ ಹೆಲ್ಪ್ ಮತ್ತು ಸೆಕ್ಷನ್ 17 ಎರಡನ್ನೂ ಸೇರಿಸಿ "ಫ್ಯಾಮಿಲಿ ಹೆಲ್ಪ್" ಅಂತ ಒಂದೇ ಸೇವೆ ಮಾಡಿ ಅಂತ. ಆಗಿನ ಸರ್ಕಾರ ಮೊದಲಿಗೆ ಕೊಟ್ಟಿದ್ದು ಎರಡು ವರ್ಷಕ್ಕೆ 20 ಕೋಟಿ. ಡಾರ್ಸೆಟ್, ಲಿಂಕನ್‌ಶೈರ್, ವುಲ್ವರ್‌ಹ್ಯಾಂಪ್ಟನ್‌ನಲ್ಲಿ 2023ರಲ್ಲಿ ಪ್ರಯೋಗ ಶುರುವಾಯ್ತು, 2025ರ ಏಪ್ರಿಲಿಂದ ಫ್ಯಾಮಿಲೀಸ್ ಫಸ್ಟ್ ಅನ್ನೋ ಹೆಸರಲ್ಲಿ ಎಲ್ಲಾ ಕೌನ್ಸಿಲ್‌ಗಳಿಗೂ ಬಂತು, ಅದಕ್ಕೆ ಆ ಮೊದಲ ವರ್ಷಕ್ಕೆ ಹೊಸ ಪ್ರಿವೆನ್ಷನ್ ಗ್ರಾಂಟ್ 27 ಕೋಟಿ ಪೌಂಡ್ ಇಟ್ರು, ಹಳೇ ಸಪೋರ್ಟಿಂಗ್ ಫ್ಯಾಮಿಲೀಸ್ ಯೋಜನೆಯ ದುಡ್ಡೂ ಸೇರಿದ್ರೆ 50 ಕೋಟಿಗಿಂತ ಮೇಲೆ. ಇದಲ್ದೆ 2025ರ ಜುಲೈನಲ್ಲಿ ಬೆಸ್ಟ್ ಸ್ಟಾರ್ಟ್ ಫ್ಯಾಮಿಲಿ ಹಬ್ ಅಂತ ಕುಟುಂಬಗಳ ಸಹಾಯ ಕೇಂದ್ರಗಳ ಘೋಷಣೆ ಆಯ್ತು, ಎಲ್ಲಾ ಕೌನ್ಸಿಲ್‌ಗಳಲ್ಲೂ, 2028ರ ಕೊನೆಗೆ 1,000 ಹಬ್ ತನಕ ಅಂತ ಗುರಿ. ಒಳ್ಳೇದೇ, ನಂಗೆ ಖುಷಿನೇ, ಆದ್ರೆ ಈ ಗ್ರಾಂಟುಗಳು ಬಂದ್ರೂ ಕಾನೂನಿನಲ್ಲಿ ಆ ಮಗುಗೆ ಹಕ್ಕು ಬಂದಿಲ್ಲ. ಗ್ರಾಂಟ್ ಮುಗಿದ ವರ್ಷ ಏನಾಗತ್ತೆ ಅಂತ ನಾವು 2011ರಲ್ಲೇ ನೋಡಿದ್ದೀವಿ. ನಿಮಗೆ ಇದರಿಂದ ಇರೋ ಉಪಯೋಗ ಏನಂದ್ರೆ, "ಬಜೆಟ್ ಇಲ್ಲ" ಅಂದವರಿಗೆ "ಫ್ಯಾಮಿಲೀಸ್ ಫಸ್ಟ್ ದುಡ್ಡಲ್ಲಿ ನಮ್ಮ ಏರಿಯಾದಲ್ಲಿ ಏನು ನಡೀತಿದೆ, ಫ್ಯಾಮಿಲಿ ಹಬ್ ಎಲ್ಲಿದೆ" ಅಂತ ವಾಪಸ್ ಕೇಳ್ಬಹುದು.

ಈಗ ನೀವು ಮಾಡಬೇಕಾದ್ದು. ಮೊದಲು ನೀವು ಫೋನ್ ಮಾಡಿದ್ದು ಯಾವ ಕೌನ್ಸಿಲ್‌ಗೆ ಅಂತ ನೋಡ್ಕೊಳ್ಳಿ. ಎರಡು ಹಂತದ ಕೌನ್ಸಿಲ್ ಇರೋ ಕಡೆ ಟ್ಯಾಕ್ಸ್ ಬಿಲ್ ಕಳ್ಸೋದು ಡಿಸ್ಟ್ರಿಕ್ಟ್ ಕೌನ್ಸಿಲ್, ಮಕ್ಕಳ ಸೇವೆ ಇರೋದು ಕೌಂಟಿ ಕೌನ್ಸಿಲ್ ಹತ್ರ, ಎಷ್ಟೋ ಜನ ತಪ್ಪು ಬಾಗಿಲು ಬಡಿದು ಸುಸ್ತಾಗಿರ್ತಾರೆ. ಆಮೇಲೆ ಫೋನ್ ಬಿಟ್ಟುಬಿಡಿ, ಮೇಲ್ ಹಾಕಿ. ಫೋನಲ್ಲಿ "ಇಲ್ಲ" ಅನ್ನೋದು ಸುಲಭ, ಬರೆದು ಕೊಡು ಅಂದ್ರೆ ಒಬ್ಬ ಮ್ಯಾನೇಜರ್ ಕೂತು ಯೋಚ್ನೆ ಮಾಡ್ಬೇಕಾಗತ್ತೆ.

ಮೇಲಲ್ಲಿ ಉದ್ದುದ್ದ ಬರೀಬೇಡಿ. ಮಗನ ಹೆಸರು, ವಯಸ್ಸು, ನರ್ಸರಿ. ಎಷ್ಟು ಪದ ಮಾತಾಡ್ತಾನೆ, ರಾತ್ರಿ ಎಷ್ಟು ಗಂಟೆ ಮಲಗ್ತಾನೆ, ವಾರಕ್ಕೆ ಎಷ್ಟು ಸಲ ತಲೆ ಚಚ್ಕೋತಾನೆ, ಪುಟ್ಟ ಮಗು ಪಕ್ಕದಲ್ಲಿದ್ದಾಗ ಏನಾಗತ್ತೆ, ನಿಮ್ಮ ಆರೋಗ್ಯ ಹೇಗಿದೆ. ಕೊನೆಗೆ ಸೆಕ್ಷನ್ 17ರ ಅಡಿಯಲ್ಲಿ ಚೈಲ್ಡ್ ಇನ್ ನೀಡ್ ಅಸೆಸ್‌ಮೆಂಟ್ ಮಾಡಿ ಅಂತ ಕೇಳಿ, ಅಂಗವೈಕಲ್ಯ ಇರೋ ಸಾಧ್ಯತೆ ಇದೆ ಅಂತ ಸ್ಪಷ್ಟವಾಗಿ ಬರೀರಿ, ಅದೇ ಕಾನೂನಿನ ಸೆಕ್ಷನ್ 17ಝಡ್‌ಡಿ ಪ್ರಕಾರ ತಾಯಿಯಾಗಿ ನಿಮ್ಮ ಅಗತ್ಯಗಳ ಅಸೆಸ್‌ಮೆಂಟೂ ಕೇಳಿ. ಬೇಡ ಅನ್ನೋದಾದ್ರೆ ನಿಮ್ಮ ಥ್ರೆಶೋಲ್ಡ್ ಡಾಕ್ಯುಮೆಂಟಿನ ಯಾವ ಹಂತ, ಯಾವ ಕಾರಣ ಅಂತ ಬರೆದು ತಿಳಿಸಿ ಅಂತ ಕೇಳಿ. ರೆಫರಲ್ ಬಂದ ಒಂದು ಕೆಲಸದ ದಿನದೊಳಗೆ ಮುಂದೇನು ಅಂತ ಅವರು ತೀರ್ಮಾನ ಮಾಡ್ಬೇಕು, ಅಸೆಸ್‌ಮೆಂಟ್ ಶುರುವಾದ್ರೆ 45 ಕೆಲಸದ ದಿನದೊಳಗೆ ಮುಗಿಸ್ಬೇಕು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಅಂಗವೈಕಲ್ಯ ಇರೋ ಮಗು ಸೆಕ್ಷನ್ 17ರಲ್ಲಿ ತಾನಾಗೇ ಚೈಲ್ಡ್ ಇನ್ ನೀಡ್. ಅಷ್ಟೇ ಅಲ್ಲ, 1970ರ ಕ್ರಾನಿಕಲಿ ಸಿಕ್ ಅಂಡ್ ಡಿಸೇಬಲ್ಡ್ ಪರ್ಸನ್ಸ್ ಆಕ್ಟ್ ಅಂತ ಒಂದು ಹಳೇ ಕಾನೂನಿದೆ, ಅದರ ಸೆಕ್ಷನ್ 2 ಒಂದೊಂದು ಮಗುಗೂ ಲೆಕ್ಕ ಇಟ್ಟಿರೋ ಕರ್ತವ್ಯ. ಮಗುಗೆ ಇಂಥ ಸಹಾಯ ಅಗತ್ಯ ಅಂತ ಕೌನ್ಸಿಲ್ ಒಮ್ಮೆ ಒಪ್ಪಿದ ಮೇಲೆ ದುಡ್ಡಿಲ್ಲ ಅಂತ ಕೈ ಎತ್ತೋ ಹಾಗಿಲ್ಲ. ನೋಡಿ, ಅರ್ಲಿ ಹೆಲ್ಪಲ್ಲಿ ಸಿಗದ ಬಲ ಇಲ್ಲಿದೆ. ಕೇಳದೇ ಇದ್ರೆ ಯಾರೂ ಇದನ್ನ ನಿಮ್ಮ ಮುಂದೆ ತಂದಿಡಲ್ಲ.

ಸ್ಕೂಲಿನ ದಾರಿ ಇನ್ನೊಂದು. ರಿಸೆಪ್ಷನ್, ಅಂದ್ರೆ ಸ್ಕೂಲಿನ ಮೊದಲ ಕ್ಲಾಸಿಗೆ ಹೋಗೋ ವಯಸ್ಸು ಅವನಿಗೆ, ಸೆಂಕೊ ಹತ್ರ ಇಎಚ್‌ಸಿ (ಮಗುಗೆ ಬೇಕಾದ ಶಿಕ್ಷಣ, ಆರೋಗ್ಯ, ಆರೈಕೆಯ ಪ್ಲ್ಯಾನ್) ಅಸೆಸ್‌ಮೆಂಟ್ ಬಗ್ಗೆ ಮಾತಾಡಿ, ಅವರು ಹಾಕದಿದ್ರೆ ನೀವೇ ಕೌನ್ಸಿಲ್‌ಗೆ ಬರೀಬಹುದು. 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟ್‌ನ ಸೆಕ್ಷನ್ 36, ಇದಕ್ಕೆ ಆಟಿಸಂ ಅಂತ ಡಾಕ್ಟರ್ ಸರ್ಟಿಫಿಕೇಟ್ ಬೇಕಾಗಿಲ್ಲ. ಆರು ವಾರದೊಳಗೆ ಅಸೆಸ್ ಮಾಡ್ತೀವೋ ಇಲ್ವೋ ಹೇಳ್ಬೇಕು, ಪ್ಲ್ಯಾನ್ ಕೊಡೋದಾದ್ರೆ ಒಟ್ಟು 20 ವಾರ, ಇಲ್ಲ ಅಂದ್ರೆ ಟ್ರಿಬ್ಯೂನಲ್‌ಗೆ ಹೋಗಬಹುದು. ತಡ ಆಗೋದು ಇದೆ, ಆದ್ರೂ ಹಾಕಿ. ಸ್ಪೀಚ್ ಥೆರಪಿಗೆ ಬಹಳ ಕಡೆ ತಾಯಂದಿರೇ ನೇರ ರೆಫರಲ್ ಹಾಕಬಹುದು, ಇವತ್ತೇ ಹಾಕಿ, ಆ ಕ್ಯೂ ಉದ್ದ. ಅಲ್ಲಿ ಯಾರಾದ್ರೂ "ಮನೇಲಿ ಕನ್ನಡ ನಿಲ್ಸಿ, ಇಂಗ್ಲಿಷೇ ಮಾತಾಡಿ" ಅಂದ್ರೆ ದಯವಿಟ್ಟು ಕೇಳ್ಬೇಡಿ. ಎರಡು ಭಾಷೆ ಕೇಳೋದ್ರಿಂದ ಮಾತು ತಡ ಆಗಲ್ಲ, ಥೆರಪಿಸ್ಟ್ ಮಗು ಆಡೋ ಎರಡೂ ಭಾಷೆನ ನೋಡ್ಬೇಕು, ನೀವು ಇಂಟರ್‌ಪ್ರಿಟರ್ ಕೇಳಬಹುದು. ಅಜ್ಜಿ ವಿಡಿಯೋ ಕಾಲಲ್ಲಿ ಬಂದಾಗ ಅವನು ಏನೇನು ಅಂತಾನೆ ಅದನ್ನೂ ಬರೆದಿಟ್ಕೊಂಡು ಹೋಗಿ, "ಬಾ", "ಹಾಲು", "ಬೇಡ" ಎಲ್ಲಾ ಲೆಕ್ಕಕ್ಕೆ ಬರತ್ತೆ.

ಸಹಿ ಹಾಕಿದ ಮೇಲೆ ಏನಾಗತ್ತೆ ಅಂತ ಹೇಳ್ಬಿಡ್ತೀನಿ, ಯಜಮಾನ್ರೂ ಕೇಳ್ಲಿ. ಒಬ್ಬರು ಮನೆಗೆ ಬಂದು ಮಾತಾಡಿ ಅರ್ಲಿ ಹೆಲ್ಪ್ ಅಸೆಸ್‌ಮೆಂಟ್ ಬರ್ಕೋತಾರೆ, ಆಮೇಲೆ ಟೀಮ್ ಅರೌಂಡ್ ದ ಫ್ಯಾಮಿಲಿ ಅಂತ ಮೀಟಿಂಗ್, ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ. ನರ್ಸರಿಯ ಒಂದು ಚಿಕ್ಕ ರೂಮು, ಮಕ್ಕಳು ಕೂರೋ ಗಿಡ್ಡ ಕುರ್ಚಿ, ಸೆಂಕೊ ಎದುರಿಗೆ, ಹೆಲ್ತ್ ವಿಸಿಟರ್ ಲ್ಯಾಪ್‌ಟಾಪಲ್ಲಿ. ಹಾಳೆಯಲ್ಲಿ ಮೂರು ಕಾಲಂ ಇರತ್ತೆ, ಏನು ಚೆನ್ನಾಗಿ ನಡೀತಿದೆ, ಏನು ಚಿಂತೆ, ಮುಂದೇನು ಮಾಡ್ಬೇಕು. ಕೊನೆಗೆ ಕೇಳ್ತಾರೆ, ಸೊನ್ನೆಯಿಂದ ಹತ್ತರಲ್ಲಿ ಮನೆ ಪರಿಸ್ಥಿತಿ ಎಷ್ಟು ಅಂತ. ಇಲ್ಲೇ ನಮ್ಮವರು ಕೈ ಸುಟ್ಕೊಳ್ಳೋದು. ಬೆಳಿಗ್ಗೆಯೇ ತಲೆ ಬಾಚಿ, ಒಳ್ಳೆ ಬಟ್ಟೆ ಹಾಕಿ, ಬಂದವರಿಗೆ ಬಿಸ್ಕತ್ತು ತಂದು, ಪಕ್ಕದಲ್ಲಿ ಗಂಡ ಕೂತಿರುವಾಗ ಮರ್ಯಾದೆ ಹೋಗತ್ತೆ ಅಂತ "ಎಂಟು, ಒಂಬತ್ತು" ಅಂದ್ಬಿಡ್ತಾರೆ. ವರ್ಕರ್ ಆ ನಂಬರ್ ಬರ್ಕೊಂಡ್ರು ಅಂದ್ರೆ ಮುಗೀತು, ಮುಂದಿನ ಸಲ ಕೇಸ್ ಕ್ಲೋಸ್ ಮಾಡೋಣ್ವಾ ಅನ್ನೋ ಮಾತು ಬರತ್ತೆ, ಅವರ ಕೈಲೂ ಕಾಯ್ತಿರೋ ಕುಟುಂಬಗಳ ದೊಡ್ಡ ಪಟ್ಟಿ ಇರತ್ತೆ. ನೀವು ನನಗೆ ಬರೆದ ಪರಿಸ್ಥಿತಿ ಮೂರೋ ನಾಲ್ಕೋ ಅಷ್ಟೇ. ಮೂರು ಅಂತ ಹೇಳಿ. ರಾತ್ರಿ ಎರಡು ಗಂಟೆಗೆ ಎರಡೂ ಮಕ್ಕಳು ಎದ್ದು ಅಳ್ತಿರುವಾಗ ನೀವು ಬಾತ್‌ರೂಮಲ್ಲಿ ಕೂತು ಅತ್ತಿದ್ರೆ ಅದನ್ನೂ ಹೇಳಿ, ಅದರಿಂದ ನೀವು ಕೆಟ್ಟ ತಾಯಿ ಅಂತ ಯಾರೂ ಬರ್ಕೊಳ್ಳಲ್ಲ.

ಆ ಅಳುಗೆ ಬೇರೆ ದಾರಿಯೂ ಇದೆ, ಅದಕ್ಕೆ ಕೌನ್ಸಿಲ್‌ಗೆ ಕಾಯ್ಬೇಡಿ. ಹೆಲ್ತ್ ವಿಸಿಟರ್‌ಗೆ ಹೇಳಿ, ಜಿಪಿಗೆ (ನಿಮ್ಮ ಮಾಮೂಲಿ ಡಾಕ್ಟರ್‌ಗೆ) ಹೇಳಿ, ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ನೀವೇ ರೆಫರ್ ಮಾಡ್ಕೋಬಹುದು, ಹೆರಿಗೆ ಆದವರು ಅಂತ ಹೇಳಿದ್ರೆ ಬೇಗ ನೋಡೋ ಪದ್ಧತಿ ಇದೆ. ಹೋಮ್-ಸ್ಟಾರ್ಟ್ ಅಂತ ಒಂದು ಸಂಸ್ಥೆ ಇದೆ, 1973ರಲ್ಲಿ ಲೆಸ್ಟರಲ್ಲಿ ಶುರುವಾಗಿದ್ದು, ಐದು ವರ್ಷದೊಳಗಿನ ಮಕ್ಕಳಿರೋ ಮನೆಗೆ ವಾಲಂಟಿಯರ್ ಬಂದು ಕೂತು ಜೊತೆಗಿರ್ತಾರೆ. ನಿಮ್ಮ ಊರಲ್ಲಿ ಇದ್ಯಾ ನೋಡಿ. ಅತ್ತೆ-ಅಮ್ಮ ಯಾರೂ ಹತ್ರ ಇಲ್ಲದ ನಮ್ಮಂಥವರಿಗೆ ಎಷ್ಟೋ ಸಲ ಕೋರ್ಸುಗಳಿಗಿಂತ ಅದೇ ಹೆಚ್ಚು ಕೈಹಿಡಿದಿದ್ದನ್ನ ನೋಡಿದ್ದೀನಿ. ನಿಮಗೆ ನೀವೇ ಏನಾದ್ರೂ ಮಾಡ್ಕೊಂಡುಬಿಡೋ ಯೋಚ್ನೆ ಬಂದ್ರೆ ಮಾತ್ರ ಯಾವ ಅಪಾಯಿಂಟ್‌ಮೆಂಟಿಗೂ ಕಾಯದೆ 111ಕ್ಕೆ ಫೋನ್ ಮಾಡಿ ಮಾನಸಿಕ ಆರೋಗ್ಯದ ಆಯ್ಕೆ ಒತ್ತಿ, ತೀರಾ ತುರ್ತಾದ್ರೆ 999.

ಕೌನ್ಸಿಲ್ ಮೇಲಿಂದ ಮೇಲೆ ಇಲ್ಲ ಅಂದ್ರೆ ಲಿಖಿತವಾಗಿ ದೂರು ಕೊಡಿ. ಸೆಕ್ಷನ್ 17ರ ವಿಷಯಕ್ಕೆ ಮೂರು ಹಂತದ ಕಾನೂನುಬದ್ಧ ದೂರಿನ ವ್ಯವಸ್ಥೆ ಇದೆ, ಅದು ಮುಗಿದ ಮೇಲೆ ಲೋಕಲ್ ಗವರ್ನಮೆಂಟ್ ಅಂಡ್ ಸೋಶಿಯಲ್ ಕೇರ್ ಒಂಬಡ್ಸ್‌ಮನ್ ಅಂತ ಕೌನ್ಸಿಲ್ ಮೇಲಿನ ದೂರು ನೋಡೋ ಸ್ವತಂತ್ರ ಅಧಿಕಾರಿ ಇದ್ದಾರೆ, ಫೀಸ್ ಇಲ್ಲ. ನಿಮ್ಮ ವಾರ್ಡಿನ ಕೌನ್ಸಿಲರ್‌ಗೂ ಒಂದು ಮೇಲ್ ಹಾಕಿ. ಬಜೆಟ್‌ಗೆ ಕೈ ಎತ್ತೋರು ಅವರೇ, ಮುಚ್ಚಿದ ಸೆಂಟರಿಂದ ಯಾರಿಗೆ ಏನಾಯ್ತು ಅನ್ನೋದು ಅವರ ಕಿವಿಗೆ ಬೀಳೋದೇ ಅಪರೂಪ. ಕಾಮನ್‌ವೆಲ್ತ್ ದೇಶದವರಾದ್ದರಿಂದ ಇಲ್ಲಿ ವೀಸಾದಲ್ಲಿರೋ ಭಾರತೀಯರಿಗೂ ವೋಟ್ ಇದೆ, ನಿಮ್ಮ ಹೆಸರು ವೋಟರ್ ಪಟ್ಟಿಯಲ್ಲಿದೆಯಾ ನೋಡ್ಕೊಳ್ಳಿ.

ಕೊನೇದಾಗಿ ವೀಸಾ. ನಿಮ್ಮ ವೀಸಾದಲ್ಲಿ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" ಅಂತ ಇರತ್ತೆ, ಅಂದ್ರೆ ಕೆಲವು ಸರ್ಕಾರಿ ನೆರವು ತಗೊಳ್ಳೋ ಹಾಗಿಲ್ಲ ಅಂತ. ಪಬ್ಲಿಕ್ ಫಂಡ್ಸ್ ಅಂದ್ರೆ ಯಾವ್ಯಾವುದು ಅಂತ ಇಮಿಗ್ರೇಶನ್ ನಿಯಮದಲ್ಲಿ ಪಟ್ಟಿ ಇದೆ. ಅರ್ಲಿ ಹೆಲ್ಪ್, ಸೆಕ್ಷನ್ 17ರ ಸಹಾಯ, ಸ್ಕೂಲು, ಇಎಚ್‌ಸಿ ಪ್ಲ್ಯಾನ್, ಎನ್‌ಎಚ್‌ಎಸ್ ಥೆರಪಿ ಯಾವುದೂ ಆ ಪಟ್ಟಿಯಲ್ಲಿ ಇಲ್ಲ, ಮೂರು-ನಾಲ್ಕು ವರ್ಷದ ಮಕ್ಕಳಿಗೆಲ್ಲ ಸಿಗೋ ವಾರಕ್ಕೆ 15 ಗಂಟೆ ಫ್ರೀ ನರ್ಸರಿಯೂ ಇಲ್ಲ. ಆದ್ರೆ ಚೈಲ್ಡ್ ಬೆನಿಫಿಟ್, ಯೂನಿವರ್ಸಲ್ ಕ್ರೆಡಿಟ್, ಕೇರರ್ಸ್ ಅಲವೆನ್ಸ್, ಮಗುವಿನ ಡಿಸೆಬಿಲಿಟಿ ಲಿವಿಂಗ್ ಅಲವೆನ್ಸ್, ಇವು ಆ ಪಟ್ಟಿಯಲ್ಲಿವೆ. ಮೀಟಿಂಗಲ್ಲಿ ಒಳ್ಳೆ ಮನಸ್ಸಿಂದಲೇ ಯಾರಾದ್ರೂ "ಡಿಎಲ್‌ಎ ಹಾಕಿ, ಫಾರ್ಮ್ ನಾನೇ ತುಂಬಿಸ್ತೀನಿ" ಅಂತಾರೆ, ಅವರಿಗೆ ನಿಮ್ಮ ವೀಸಾ ಷರತ್ತು ಗೊತ್ತಿರಲ್ಲ. ಆಗ "ನಮಗೆ ಪಬ್ಲಿಕ್ ಫಂಡ್ಸ್ ಇಲ್ಲ, ಇಮಿಗ್ರೇಶನ್ ಅಡ್ವೈಸರ್ ಹತ್ರ ಕೇಳಿ ಹೇಳ್ತೀನಿ" ಅಂತ ಹೇಳಿ, ಅದನ್ನ ಮೀಟಿಂಗ್ ನೋಟ್ಸಲ್ಲಿ ಬರೆಸಿ. ಇದೆಲ್ಲ ಇಂಗ್ಲೆಂಡಿನ ಮಾತು, ವೇಲ್ಸ್ ಅಥವಾ ಸ್ಕಾಟ್ಲೆಂಡಲ್ಲಿರೋರು ಓದ್ತಿದ್ರೆ ವೀಸಾ ಭಾಗ ಒಂದೇ, ಮಕ್ಕಳ ಕಾನೂನು ಅಲ್ಲಿ ಬೇರೆ. ಮೇಲ್ ಕಳ್ಸಿ ಉತ್ತರ ಬಂದ್ಮೇಲೆ ಅದನ್ನ ಹೆಸರು-ವಿಳಾಸ ತೆಗೆದು ನನಗೆ ಬರೀರಿ, ಮುಂದಿನದ್ದು ನೋಡೋಣ.